ಮೈನಸ್ 25 ಡಿಗ್ರಿ ಚಳಿಯ ಮನೆಗೆ ಯಾವ ಹೀಟ್ ಪಂಪ್: ಡಕ್ಟ್ ಇರುವುದೋ, ಇಲ್ಲದ್ದೋ?

ಪ್ರಶ್ನೆ: ನಾನು ಬೆಂಗಳೂರಿನ ಜಯನಗರದಲ್ಲಿರುವ ನಿವೃತ್ತ ಎಂಜಿನಿಯರ್. ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1950ರ ದಶಕದ ಒಂದೂವರೆ ಅಂತಸ್ತಿನ ಮರದ ಮನೆ ಕೊಂಡಿದ್ದಾರೆ. ಕೆಳಗೆ ಬೇಸ್‌ಮೆಂಟ್, ನಡುವಿನ ಅಂತಸ್ತಿನಲ್ಲಿ ಹಾಲ್, ಅಡುಗೆಮನೆ, ಎರಡು ಬೆಡ್‌ರೂಮ್, ಇಳಿಜಾರು ಸೂರಿನಡಿ ಮೇಲೊಂದು ದೊಡ್ಡ ಕೋಣೆ. ಮನೆ ಬೆಚ್ಚಗಿಡಲು 22 ವರ್ಷ ಹಳೆಯ ಗ್ಯಾಸ್ ಫರ್ನೇಸ್ ಇದೆ, ಡಕ್ಟ್ ಎಂಬ ಗಾಳಿ ಕೊಳವೆಗಳಲ್ಲಿ ಬಿಸಿ ಗಾಳಿ ಕಳಿಸುತ್ತದೆ. ಅದಕ್ಕೆ ಜೋಡಿಸಿದ್ದ ಎಸಿ ಹೋದ ಬೇಸಿಗೆಯಲ್ಲಿ ಕೆಟ್ಟಿತು. ಎರಡನ್ನೂ ತೆಗೆಸಿ, ಹೊರಗಿನ ಗಾಳಿಯ ಶಾಖವನ್ನು ಮನೆಯೊಳಗೆ ತಂದು ಬೇಸಿಗೆಯಲ್ಲಿ ಎಸಿಯೂ ಆಗುವ ಹೀಟ್ ಪಂಪ್ ಹಾಕಿಸುವ ಯೋಚನೆ. ಒಬ್ಬ ಗುತ್ತಿಗೆದಾರ ಈಗಿರುವ ಡಕ್ಟ್‌ಗೇ 4 ಟನ್ನಿನ ಸೆಂಟ್ರಲ್ ಹೀಟ್ ಪಂಪ್, ಜೊತೆಗೆ 15 ಕಿಲೋವ್ಯಾಟ್ ಹೀಟರ್ ಎನ್ನುತ್ತಾರೆ. ಇನ್ನೊಬ್ಬರು ಡಕ್ಟೇ ಬೇಡ, 3 ಟನ್ನಿನ ಒಂದು ಔಟ್‌ಡೋರ್ ಯೂನಿಟ್‌ಗೆ ನಾಲ್ಕು ಗೋಡೆ ಯೂನಿಟ್ ಸಾಕು ಎನ್ನುತ್ತಾರೆ. ಜನವರಿಯಲ್ಲಿ 150 ಥರ್ಮ್ (ಅಲ್ಲಿನ ಗ್ಯಾಸ್ ಬಿಲ್ಲಿನ ಅಳತೆ) ಗ್ಯಾಸ್ ಉರಿದಿದೆ, ಜುಲೈನಲ್ಲಿ ಬಿಸಿನೀರಿಗೆ, ಒಲೆಗೆ 20 ಥರ್ಮ್. ಗ್ಯಾಸ್ ಥರ್ಮ್‌ಗೆ ಸುಮಾರು 1 ಡಾಲರ್, ಕರೆಂಟ್ ಯೂನಿಟ್‌ಗೆ 15 ಸೆಂಟ್. ಇಲ್ಲಿ ನಮ್ಮ ಎಸಿ ಮೆಕ್ಯಾನಿಕ್‌ನನ್ನು ಕೇಳಿದರೆ "ಸೊನ್ನೆ ಡಿಗ್ರಿ ಆದ್ಮೇಲೆ ಅದು ಬಿಸಿ ಗಾಳಿ ಕೊಡಲ್ಲ ಸಾರ್" ಎಂದ. ಚಳಿಗಾಲದಲ್ಲಿ ನಾವಿಬ್ಬರೂ ಮೂರು ತಿಂಗಳು ಅಲ್ಲಿರುತ್ತೇವೆ, ನಮ್ಮ ಮನೆಯವರಿಗೆ ಮಂಡಿನೋವು. ಯಾವುದನ್ನು ಹಾಕಿಸಲು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಕೂಡಿಕೊಂಡಿವೆ. ಅಷ್ಟು ಚಳಿಯಲ್ಲಿ ಯಂತ್ರ ನಡೆಯುತ್ತದೆಯೇ? ಎರಡರಲ್ಲಿ ಯಾವುದು? ಖರ್ಚು ಉಳಿಯುತ್ತದೆಯೇ? ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ, ಈಗ ಕೈಯಲ್ಲಿರುವ ಎರಡೂ ಕೊಟೇಶನ್‌ಗಳು ಆ ಮನೆಗೆ ಹೊಂದುವುದಿಲ್ಲ. ಮೂರನೆಯದು ನಿಮಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಲೆಕ್ಕ ಬಿಡಿಸಿ ಹೇಳುತ್ತೇನೆ.

ನಿಮ್ಮ ಮೆಕ್ಯಾನಿಕ್ ತಾನು ಕಂಡದ್ದನ್ನು ಹೇಳಿದ್ದಾನೆ. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಔಟ್‌ಡೋರ್ ಯೂನಿಟ್ ಮೇಲೆ ಹಿಮ ಕಟ್ಟುವ ಸಂದರ್ಭವೇ ಇಲ್ಲಿ ಬರುವುದಿಲ್ಲ. ಇಲ್ಲಿ ಸಿಗುವ ಹಾಟ್ ಅಂಡ್ ಕೋಲ್ಡ್ ಎಸಿಗಳನ್ನು ಆ ಚಳಿಗೆಂದು ಮಾಡಿಯೂ ಇಲ್ಲ. ಆದರೆ ಮೈನಸ್ 25 ಡಿಗ್ರಿಯ ಗಾಳಿಯಲ್ಲೂ ಶಾಖ ಇರುತ್ತದೆ, ಅದಕ್ಕಿಂತ ತಣ್ಣಗಿರುವ ವಸ್ತುವೊಂದು ಅದನ್ನು ಹೀರಿಕೊಳ್ಳಬೇಕು ಅಷ್ಟೆ. 2025ರಿಂದ ಅಮೆರಿಕದ ಹೊಸ ಮನೆ-ಯಂತ್ರಗಳಲ್ಲಿ ಬರುತ್ತಿರುವ ಆರ್-32, ಆರ್-454ಬಿ ಶೀತಕಗಳು ಸಾಮಾನ್ಯ ಒತ್ತಡದಲ್ಲಿ ಮೈನಸ್ 50ರ ಆಸುಪಾಸಿನಲ್ಲೇ ಕುದಿಯುತ್ತವೆ, ಹಾಗಾಗಿ ಹೀರಿಕೊಳ್ಳಲು ಅಡ್ಡಿಯಿಲ್ಲ. ತೊಂದರೆ ಇರುವುದು ಕಂಪ್ರೆಸರ್‌ನಲ್ಲಿ. ಹೊರಗೆ ಚಳಿ ಹೆಚ್ಚಿದಷ್ಟೂ ಒಳಬರುವ ಶೀತಕದ ಆವಿ ತೆಳುವಾಗುತ್ತದೆ, ಒತ್ತಡ ಏರಿಸುವ ಶ್ರಮ ಹೆಚ್ಚುತ್ತದೆ, ಕಂಪ್ರೆಸರ್ ಬಿಸಿಯೇರುತ್ತದೆ. ಶೀತ ಪ್ರದೇಶದ ಯಂತ್ರಗಳಲ್ಲಿ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್ ಇರುತ್ತದೆ. ಹಲವುದರಲ್ಲಿ ಕುಗ್ಗಿಸುವ ಹಂತದ ನಡುವೆಯೇ ಸ್ವಲ್ಪ ಶೀತಕವನ್ನು ಒಳಸೇರಿಸಿ ಅದನ್ನು ತಂಪಾಗಿಡುವ ಏರ್ಪಾಡೂ ಇರುತ್ತದೆ. ಇವು ಮೈನಸ್ 25ರವರೆಗೆ, ಕೆಲವು ಅದಕ್ಕೂ ಕೆಳಗೆ ನಡೆಯುತ್ತವೆ. ಅಮೆರಿಕದ ಮೇನ್ ರಾಜ್ಯ 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಎಂಬ ಗುರಿ ಇಟ್ಟು 2023ರಲ್ಲೇ ಅದನ್ನು ಮುಟ್ಟಿತು. ಅಲ್ಲಿನ ಚಳಿಯೂ ಸಣ್ಣದಲ್ಲ.

ಚಳಿಯಲ್ಲಿ ಯಂತ್ರ ನಡೆಯುತ್ತದೆ ಎಂದಾಕ್ಷಣ ಅಷ್ಟೇ ಶಾಖ ಕೊಡುತ್ತದೆ ಎಂದಲ್ಲ. ಹೊರಗೆ 8 ಡಿಗ್ರಿ ಇರುವಾಗ ಒಂದು ಯೂನಿಟ್ ಕರೆಂಟ್‌ಗೆ ಮೂರೂವರೆ, ನಾಲ್ಕು ಯೂನಿಟ್ ಶಾಖ ಕೊಡುವ ಯಂತ್ರ ಮೈನಸ್ 15ರಲ್ಲಿ ಸುಮಾರು ಎರಡು ಕೊಡುತ್ತದೆ, ಮೈನಸ್ 25ರಲ್ಲಿ ಒಂದೂವರೆಯ ಹತ್ತಿರ. ಈ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ. ಪೆಟ್ಟಿಗೆಯ ಮೇಲಿನ "3 ಟನ್" ಹೊರಗೆ 35 ಡಿಗ್ರಿ ಬಿಸಿಲಿರುವಾಗ ಅಳೆದ, ತಂಪು ಮಾಡುವ ಸಾಮರ್ಥ್ಯ. ಆದ್ದರಿಂದ ಟನ್ ಕೇಳಬೇಡಿ. ಫ್ಯಾರನ್‌ಹೀಟ್‌ನಲ್ಲಿ 47, 17, 5 ಡಿಗ್ರಿಗಳಲ್ಲಿ ಗಂಟೆಗೆ ಎಷ್ಟೆಷ್ಟು ಬಿಟಿಯು (ಅಲ್ಲಿ ಬಳಸುವ ಶಾಖದ ಅಳತೆ) ಎಂಬ ತಯಾರಕರ ಪಟ್ಟಿ ಕೇಳಿ. ಎನರ್ಜಿ ಸ್ಟಾರ್ ಎಂಬ ಅಮೆರಿಕ ಸರ್ಕಾರದ ಇಂಧನ ದಕ್ಷತೆ ಯೋಜನೆಯ ಶೀತ ಪ್ರದೇಶದ ಗುರುತು ಸಿಗಬೇಕಾದರೆ 5 ಡಿಗ್ರಿಯಲ್ಲಿ, ಅಂದರೆ ಮೈನಸ್ 15 ಸೆಲ್ಸಿಯಸ್‌ನಲ್ಲಿ, 47 ಡಿಗ್ರಿಯ ಸಾಮರ್ಥ್ಯದ ಕನಿಷ್ಠ 70 ಶೇಕಡಾ ಉಳಿಯಬೇಕು, ಸಿಒಪಿ ಕನಿಷ್ಠ 1.75 ಇರಬೇಕು. ಇಡೀ ಚಳಿಗಾಲದ ಸರಾಸರಿ ದಕ್ಷತೆ ಹೇಳುವ ಎಚ್‌ಎಸ್‌ಪಿಎಫ್2 ಎಂಬ ಅಂಕಿಯನ್ನು ನೆಚ್ಚಿ ಮಿನಿಯಾಪೊಲಿಸ್‌ನ ಲೆಕ್ಕ ಹಾಕಬೇಡಿ, ಅದು ಇನ್ನೂ ಹಿತವಾದ ಚಳಿಯ ಪ್ರದೇಶಕ್ಕೆ ಲೆಕ್ಕ ಹಾಕಿದ್ದು.

ಇನ್ನು ಮುಖ್ಯ ವಿಷಯ. ಆ ಮನೆ ನಿಜಕ್ಕೂ ಎಷ್ಟು ಶಾಖ ಬೇಡುತ್ತದೆ? ಇಬ್ಬರು ಗುತ್ತಿಗೆದಾರರೂ ಇದನ್ನು ಅಳೆದಂತೆ ಕಾಣುವುದಿಲ್ಲ. ಗ್ಯಾಸ್ ಬಿಲ್ಲೇ ಅದನ್ನು ಹೇಳುತ್ತದೆ. ಜನವರಿಯ 150 ಥರ್ಮ್‌ನಲ್ಲಿ ಜುಲೈನ 20 ಕಳೆದರೆ ಮನೆ ಕಾಯಿಸಲು 130. ಒಂದು ಥರ್ಮ್ ಎಂದರೆ ಒಂದು ಲಕ್ಷ ಬಿಟಿಯು. ಹಳೆಯ ಫರ್ನೇಸ್‌ನ ದಕ್ಷತೆ 80 ಶೇಕಡಾ ಎಂದುಕೊಂಡರೆ ಮನೆಗೆ ದಕ್ಕಿದ್ದು 1 ಕೋಟಿ 4 ಲಕ್ಷ ಬಿಟಿಯು. ಮಿನಿಯಾಪೊಲಿಸ್‌ನ ಸಾಧಾರಣ ಜನವರಿಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸುಮಾರು 1,500 ಹೀಟಿಂಗ್ ಡಿಗ್ರಿ-ಡೇ, ಅಂದರೆ ಪ್ರತಿದಿನದ ಸರಾಸರಿ 65 ಡಿಗ್ರಿಗಿಂತ ಎಷ್ಟು ಕೆಳಗಿತ್ತೋ ಅದರ ತಿಂಗಳ ಮೊತ್ತ. ಬಿಲ್ ಬಂದ ತಿಂಗಳಿನ ನಿಖರ ಅಂಕಿಯನ್ನು ಮಗಳು ಹವಾಮಾನ ಇಲಾಖೆಯ ತಾಣದಲ್ಲಿ ನೋಡಿ ಹಾಕಲಿ. 1,500ರಿಂದ ಭಾಗಿಸಿ, 24 ಗಂಟೆಯಿಂದ ಭಾಗಿಸಿದರೆ ಪ್ರತಿ ಡಿಗ್ರಿಗೆ ಗಂಟೆಗೆ ಸುಮಾರು 290 ಬಿಟಿಯು. ಡಿಗ್ರಿ-ಡೇಯ ಬುಡ 65. ಯಂತ್ರದ ಗಾತ್ರಕ್ಕೆ ಅಲ್ಲಿ ಹಿಡಿಯುವ ಚಳಿ ಸುಮಾರು ಮೈನಸ್ 11 ಫ್ಯಾರನ್‌ಹೀಟ್, ಅಂದರೆ ಮೈನಸ್ 24 ಸೆಲ್ಸಿಯಸ್. ವ್ಯತ್ಯಾಸ 76 ಡಿಗ್ರಿ. ಗುಣಿಸಿದರೆ ಗಂಟೆಗೆ ಸುಮಾರು 22 ಸಾವಿರ ಬಿಟಿಯು. ಅದಕ್ಕಿಂತ ಕೆಟ್ಟ ರಾತ್ರಿ, ಮೈನಸ್ 28 ಸೆಲ್ಸಿಯಸ್‌ನಲ್ಲಿ, 24 ಸಾವಿರ. ನೀವು ಎಂಜಿನಿಯರ್, ಕಾಗದದ ಮೇಲೆ ಇದನ್ನು ಮತ್ತೊಮ್ಮೆ ಹಾಕಿ ನೋಡಿ.

ಈಗ 4 ಟನ್ ಎಂದರೆ ಗಂಟೆಗೆ 48 ಸಾವಿರ ಬಿಟಿಯು. ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ ಬೇಕಾದ್ದರ ಎರಡರಷ್ಟು. ಇಂಥ ಕೊಟೇಶನ್ ಬರುವ ಬಗೆ ಸಾಮಾನ್ಯವಾಗಿ ಒಂದೇ: ಬೇಸ್‌ಮೆಂಟ್‌ಗೆ ಇಳಿದು ಹಳೆಯ ಫರ್ನೇಸ್‌ನ ಫಲಕ ಓದಿ, ಅದಕ್ಕೆ ಸರಿಯಾಗಿ ಯಂತ್ರ ಬರೆಯುವುದು. ಆ ಕಾಲದಲ್ಲಿ 80 ಸಾವಿರದ ಫರ್ನೇಸ್ ಹಾಕುವುದು ರೂಢಿ. ದೊಡ್ಡದಿದ್ದರೆ ಗ್ಯಾಸ್ ಫರ್ನೇಸ್ ಆನ್-ಆಫ್ ಆಗುತ್ತದೆ, ದೊಡ್ಡ ನಷ್ಟವಿಲ್ಲ. ಹೀಟ್ ಪಂಪ್ ದೊಡ್ಡದಿದ್ದರೆ ವಸಂತ, ಶರತ್ಕಾಲದಲ್ಲಿ ಪದೇಪದೇ ನಿಂತು ಹೊರಟು ದಕ್ಷತೆ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೋಣೆ ಬೇಗ ತಣ್ಣಗಾಗಿ ಯಂತ್ರ ನಿಲ್ಲುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಡಕ್ಟ್ ಅದನ್ನು ತಾಳುವುದಿಲ್ಲ.

ಡಕ್ಟ್‌ನ ಲೆಕ್ಕ ಹೀಗೆ. 80 ಸಾವಿರದ ಫರ್ನೇಸ್, 80 ಶೇಕಡಾ ದಕ್ಷತೆ, 64 ಸಾವಿರ ಬಿಟಿಯು ಹೊರಗೆ. ಗಾಳಿಯನ್ನು 55 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡುತ್ತಿದ್ದರೆ ನಿಮಿಷಕ್ಕೆ ಸುಮಾರು 1,080 ಘನ ಅಡಿ ಗಾಳಿ ಬೇಕು. ಮನೆಯ ಡಕ್ಟ್ ಅಷ್ಟಕ್ಕೆ ಒಗ್ಗಿದೆ. ಹೀಟ್ ಪಂಪ್‌ಗೆ ಟನ್‌ಗೆ 350ರಿಂದ 400 ಘನ ಅಡಿ ಬೇಕು. 4 ಟನ್‌ಗೆ 1,600 ಆಯಿತು. ಅದನ್ನು ಈ ಡಕ್ಟ್‌ನೊಳಗೆ ತಳ್ಳಿದರೆ ಗ್ರಿಲ್‌ಗಳು ಶಿಳ್ಳೆ ಹೊಡೆಯುತ್ತವೆ, ಬ್ಲೋವರ್ ಹೆಚ್ಚು ಕರೆಂಟ್ ತಿನ್ನುತ್ತದೆ, ಕಾಯಿಲ್ ಮೇಲೆ ಗಾಳಿ ಸಾಲದೆ ಒತ್ತಡ ಏರಿ ಯಂತ್ರ ತಾನೇ ನಿಲ್ಲುತ್ತದೆ. ಎರಡೂವರೆಯಿಂದ 3 ಟನ್ನಿನ ಶೀತ ಪ್ರದೇಶದ ಇನ್ವರ್ಟರ್ ಯಂತ್ರಕ್ಕಾದರೆ 1,000ದಿಂದ 1,100 ಸಾಕು, ಇದ್ದ ಡಕ್ಟ್ ಬಹುಶಃ ಹೊರುತ್ತದೆ. ಬಹುಶಃ ಏಕೆಂದರೆ ಅಳೆಯಬೇಕು. ಫರ್ನೇಸ್‌ನ ಮುಂದೆ ಹಿಂದೆ ಸಣ್ಣ ರಂಧ್ರ ಕೊರೆದು ಒತ್ತಡ ಅಳೆಯುವ ಮ್ಯಾನೊಮೀಟರ್ ಇಟ್ಟರೆ ಅರ್ಧ ಗಂಟೆಯ ಕೆಲಸ. ಹಲವು ಏರ್ ಹ್ಯಾಂಡ್ಲರ್‌ಗಳನ್ನು (ಡಕ್ಟ್‌ಗೆ ಗಾಳಿ ತಳ್ಳುವ ಒಳಗಿನ ಯಂತ್ರ) 0.5 ಇಂಚು ನೀರಿನ ಒತ್ತಡಕ್ಕೆ ವಿನ್ಯಾಸ ಮಾಡಿರುತ್ತಾರೆ. ಅಳತೆ 0.8, 0.9 ಬಂದರೆ ಮೊದಲು ನೋಡಬೇಕಾದದ್ದು ಕೋಣೆಗಳ ಗಾಳಿಯನ್ನು ಯಂತ್ರಕ್ಕೆ ಮರಳಿ ತರುವ ರಿಟರ್ನ್ ಡಕ್ಟ್. ಹಳೆಯ ಮನೆಗಳಲ್ಲಿ ಕಿರಿದಾಗಿರುವುದು ಸಾಮಾನ್ಯವಾಗಿ ಅದೇ. ಒಂದು ಇಂಚಿನ ಫಿಲ್ಟರ್ ತೆಗೆದು ನಾಲ್ಕು ಇಂಚಿನ ಪೆಟ್ಟಿಗೆ ಹಾಕಿಸಿದರೂ ಒತ್ತಡ ಇಳಿಯುತ್ತದೆ.

"ಡಕ್ಟ್ ಎಂದರೆ ನಷ್ಟ" ಎಂಬುದು ಅರ್ಧ ಸತ್ಯ. ಸಾಮಾನ್ಯ ಅಮೆರಿಕನ್ ಮನೆಯ ಡಕ್ಟ್‌ನಲ್ಲಿ 20ರಿಂದ 30 ಶೇಕಡಾ ಗಾಳಿ ಸೋರುತ್ತದೆ ಎಂದು ಎನರ್ಜಿ ಸ್ಟಾರ್ ಹೇಳುತ್ತದೆ. ಆದರೆ ಅದು ಎಲ್ಲಿಗೆ ಸೋರುತ್ತದೆ ಎಂಬುದು ಮುಖ್ಯ. ಸೂರಿನ ಕೆಳಗಿನ ತಣ್ಣನೆಯ ಅಟ್ಟಕ್ಕೆ ಸೋರಿದರೆ ಪೂರ್ತಿ ನಷ್ಟ. ನಿಮ್ಮ ಮಗಳ ಮನೆಯಲ್ಲಿ ಮುಖ್ಯ ಡಕ್ಟ್ ಬೇಸ್‌ಮೆಂಟ್‌ನಲ್ಲಿ, ಅಂದರೆ ಮನೆಯ ಬೆಚ್ಚನೆಯ ಕವಚದೊಳಗೇ ಇರಬೇಕು. ಸೋರಿದ ಶಾಖ ಬೇಸ್‌ಮೆಂಟ್‌ಗೆ ಹೋಗುತ್ತದೆ, ಅದು ವ್ಯರ್ಥವಲ್ಲ. ಮೇಲಿನ ಕೋಣೆಗೆ ಹೋಗುವ ಒಂದೆರಡು ಕವಲುಗಳು ಮಾತ್ರ ಗಿಡ್ಡ ಗೋಡೆಯ ಹಿಂದಿನ ತಣ್ಣನೆಯ ಸಂದಿನಲ್ಲಿ ಹಾದುಹೋಗಿರುತ್ತವೆ. ಈ ಬಗೆಯ ಮನೆಗಳಲ್ಲಿ ಮೇಲಿನ ಕೋಣೆ ಚಳಿಗಾಲದಲ್ಲಿ ಕೊರೆದು, ಬೇಸಿಗೆಯಲ್ಲಿ ಕುದಿಯಲು ಅರ್ಧ ಕಾರಣ ಅದು. ಇನ್ನರ್ಧ, ಇಳಿಜಾರು ಸೂರಿನಲ್ಲಿ ನಿರೋಧಕ ತುಂಬಲು ಜಾಗವೇ ಇಲ್ಲದಿರುವುದು.

ಇನ್ನೊಂದು ಕೊಟೇಶನ್‌ನ ನಾಲ್ಕು ಗೋಡೆ ಯೂನಿಟ್‌ಗಳಿಗೆ ಬರೋಣ. ಡಕ್ಟ್ ಇಲ್ಲದ ಯಂತ್ರ ಒಳ್ಳೆಯದೇ. ಒಂದು ಔಟ್‌ಡೋರ್‌ಗೆ ಒಂದೇ ಇಂಡೋರ್ ಇದ್ದಾಗ ಅದಕ್ಕಿಂತ ದಕ್ಷವಾದ ಏರ್ ಸೋರ್ಸ್ ಹೀಟ್ ಪಂಪ್ ಸಿಗುವುದು ಕಷ್ಟ. ಆದರೆ ಆ ಹೆಸರನ್ನು ಒಂದಕ್ಕೆ ನಾಲ್ಕು ಕಟ್ಟಿದ ಯಂತ್ರಕ್ಕೂ ಅಂಟಿಸುವುದು ಸರಿಯಲ್ಲ. 3 ಟನ್ನಿನ ಮಲ್ಟಿ ಯಂತ್ರ ಎಷ್ಟೇ ನಿಧಾನಕ್ಕೆ ನಡೆದರೂ ಅದರ ಕನಿಷ್ಠ ಸಾಮರ್ಥ್ಯ ಹಲವು ಬಾರಿ 10 ಸಾವಿರ ಬಿಟಿಯು ಆಸುಪಾಸಿನಲ್ಲಿರುತ್ತದೆ. ಹೊರಗೆ 7 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇಡೀ ಮನೆಗೆ ಬೇಕಾದದ್ದು 6 ಸಾವಿರ. ಬೆಡ್‌ರೂಮ್ ಒಂದೇ ಕೇಳಿದರೆ ಸಾವಿರವೂ ಇಲ್ಲ. ಸಿಗುವ ಅತಿ ಚಿಕ್ಕ ಗೋಡೆ ಯೂನಿಟ್ ಸಾಮಾನ್ಯವಾಗಿ 6 ಸಾವಿರದ್ದು, ಮಧ್ಯ ಚಳಿಗಾಲದಲ್ಲೂ ಆ ಕೋಣೆಗೆ ಬೇಕಿರುವುದು 2ರಿಂದ 3 ಸಾವಿರ. ಇದಲ್ಲದೆ ಹೀಟಿಂಗ್‌ನಲ್ಲಿ ಒಂದು ಯೂನಿಟ್ ಆಫ್ ಇದ್ದರೂ ಶೀತಕ ಅದರಲ್ಲಿ ಮಡುಗಟ್ಟದಂತೆ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಬೇಡವಾದ ಕೋಣೆಗೂ ಶಾಖ ಸೋರುತ್ತದೆ. ಕೋಣೆಗೊಂದು ರಿಮೋಟ್, ಕೋಣೆಗೊಂದು ಉಷ್ಣಾಂಶ ಎಂಬ ಮಾತು ಕೊಟೇಶನ್‌ನಲ್ಲಿ ಇರುವಷ್ಟು ಚೆನ್ನಾಗಿ ಮನೆಯಲ್ಲಿ ಇರುವುದಿಲ್ಲ.

ಆ ಕೊಟೇಶನ್‌ನಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಫರ್ನೇಸ್ ಮತ್ತು ಡಕ್ಟ್ ಕಿತ್ತ ಮೇಲೆ ಬೇಸ್‌ಮೆಂಟ್‌ಗೆ ಶಾಖ ಎಲ್ಲಿಂದ? ಬಚ್ಚಲುಮನೆಗೆ? ನಾಲ್ಕು ಯೂನಿಟ್‌ಗಳಲ್ಲಿ ಒಂದೂ ಅಲ್ಲಿಲ್ಲ. ಬೇಸ್‌ಮೆಂಟ್‌ನಲ್ಲಿ ನೀರಿನ ಪೈಪ್‌ಗಳು, ಬಿಸಿನೀರಿನ ಟ್ಯಾಂಕ್ ಇವೆ. ಹೊರಗೋಡೆಗೆ ಅಂಟಿದ ಪೈಪ್ ಹೆಪ್ಪುಗಟ್ಟಿ ಒಡೆದರೆ ಆಗುವ ಖರ್ಚಿನ ಮುಂದೆ ಕರೆಂಟ್ ಬಿಲ್ ಏನೂ ಅಲ್ಲ. ತಣ್ಣನೆಯ ಬೇಸ್‌ಮೆಂಟ್ ಮೇಲಿನ ಮರದ ನೆಲವೂ ತಣ್ಣಗೆ. ಮಂಡಿನೋವಿನವರಿಗೆ ಇದು ಮೊದಲು ಗೊತ್ತಾಗುತ್ತದೆ. ಗೋಡೆಯ ಮೇಲ್ಭಾಗದ ಯೂನಿಟ್‌ನಿಂದ ಬರುವ ಬಿಸಿ ಗಾಳಿ ಸೂರಿನ ಕಡೆಗೇ ಉಳಿಯುವುದರಿಂದ ಕಾಲಿನ ಹತ್ತಿರ ಚಳಿ ಇನ್ನಷ್ಟು ತಿಳಿಯುತ್ತದೆ. ಡಕ್ಟ್ ಇಲ್ಲದ್ದು ಬೇಕೇ ಬೇಕೆಂದರೆ ನೆಲಕ್ಕೆ ಹತ್ತಿರ ಕೂರುವ ಕನ್ಸೋಲ್ ಬಗೆಯನ್ನು ಕೇಳಿ.

ಹಾಗಾದರೆ ನನ್ನ ಸಲಹೆ: ಡಕ್ಟ್ ಪರೀಕ್ಷೆಯಲ್ಲಿ ಪಾಸಾದರೆ ಎರಡೂವರೆ ಅಥವಾ 3 ಟನ್ನಿನ, ಶೀತ ಪ್ರದೇಶದ ಸೆಂಟ್ರಲ್ ಇನ್ವರ್ಟರ್ ಯಂತ್ರ ಬೇಸ್‌ಮೆಂಟ್ ಮತ್ತು ನಡುವಿನ ಅಂತಸ್ತಿಗೆ. ಮೇಲಿನ ಕೋಣೆಗೆ ಹೋಗುವ ಸೋರುವ ಕವಲುಗಳನ್ನು ಮುಚ್ಚಿ, ಅಲ್ಲಿಗೆ ಪ್ರತ್ಯೇಕ ಔಟ್‌ಡೋರ್ ಇರುವ 9 ಸಾವಿರ ಬಿಟಿಯು ಗೋಡೆ ಯೂನಿಟ್ ಒಂದು. ಹಣ ಒಟ್ಟಿಗೆ ಹೊಂದದಿದ್ದರೆ ಗೋಡೆ ಯೂನಿಟ್ ಮುಂದಿನ ವರ್ಷಕ್ಕೆ ಬಿಡಬಹುದು, ಕವಲುಗಳನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಿ. ಡಕ್ಟ್ ಸರಿಯಿಲ್ಲ, ಸರಿಪಡಿಸಲೂ ಆಗದು ಎಂದರೆ ಒಂದಕ್ಕೊಂದು ಜೋಡಿಯ ಎರಡು ಯಂತ್ರ ಹಾಕಿಸಿ, ಒಂದಕ್ಕೆ ನಾಲ್ಕು ಬೇಡ. ಬೆಡ್‌ರೂಮ್‌ಗಳ ಬಾಗಿಲು ಹಗಲು ತೆರೆದಿಟ್ಟು, ಬೇಸ್‌ಮೆಂಟ್‌ಗೂ ಬಚ್ಚಲಿಗೂ ಥರ್ಮೋಸ್ಟಾಟ್ ಇರುವ ಗೋಡೆಯ ಬುಡಕ್ಕೆ ಕೂರುವ ಚಿಕ್ಕ ಎಲೆಕ್ಟ್ರಿಕ್ ಬೇಸ್‌ಬೋರ್ಡ್ ಹೀಟರ್ ಹಾಕಿಸಬೇಕಾಗುತ್ತದೆ.

ಈಗ ಹಣದ ಮಾತು. ಒಂದು ಥರ್ಮ್ ಎಂದರೆ 29.3 ಯೂನಿಟ್ ಕರೆಂಟ್‌ನಷ್ಟು ಶಾಖ. ಹಳೆಯ ಫರ್ನೇಸ್‌ನಲ್ಲಿ ಅದರಲ್ಲಿ 23.4 ದಕ್ಕುತ್ತದೆ, 95 ಶೇಕಡಾದ ಹೊಸ ಫರ್ನೇಸ್‌ನಲ್ಲಿ 27.8. ನೀವು ಬರೆದ ದರದಲ್ಲಿ ಹೀಟ್ ಪಂಪ್ ಹಳೆಯ ಫರ್ನೇಸ್‌ಗೆ ಸಮನಾಗಬೇಕಾದರೆ ಸಿಒಪಿ 3.5 ಬೇಕು, ಹೊಸದಕ್ಕೆ ಸಮನಾಗಲು 4.2. ಮಿನಿಯಾಪೊಲಿಸ್‌ನ ಜನವರಿಯಲ್ಲಿ ಸರಾಸರಿ 2.2ರ ಹತ್ತಿರ ಸಿಕ್ಕರೆ ಒಳ್ಳೆಯದು. ಈಗ ಮನೆ ಕಾಯಿಸಲು 130 ಡಾಲರ್ ಆಗುವ ತಿಂಗಳಿಗೆ ಹೀಟ್ ಪಂಪ್‌ನಲ್ಲಿ ಸುಮಾರು 208 ಆಗುತ್ತದೆ. ಪೈಪ್ ಗ್ಯಾಸ್ ಇರುವ ಮನೆಗೆ ಬಿಲ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ. ಟ್ಯಾಂಕಿನ ಪ್ರೊಪೇನ್‌ನಿಂದ ಅಥವಾ ನೇರ ಎಲೆಕ್ಟ್ರಿಕ್ ಹೀಟರ್‌ನಿಂದ ಕಾಯುವ ಮನೆಯಾದರೆ ಕಥೆ ಬೇರೆ, ಅಲ್ಲಿ ಉಳಿತಾಯ ಸಾಮಾನ್ಯವಾಗಿ ಬರುವಂಥದ್ದು. ಮಕ್ಕಳಿಗೆ ಗ್ಯಾಸ್ ಬಿಡಬೇಕೆಂಬ ಮನಸ್ಸಿದ್ದರೆ ಅದು ಒಳ್ಳೆಯ ಕಾರಣವೇ, ಖರ್ಚು ಎಷ್ಟು ಎಂದು ತಿಳಿದು ಮಾಡಲಿ.

ನಡುವಿನ ದಾರಿಯೂ ಇದೆ. ಎಸಿ ಹೇಗೂ ಕೆಟ್ಟಿದೆ, ಹೊಸದು ಬೇಕು. ಆ ಜಾಗದಲ್ಲಿ ಹೀಟ್ ಪಂಪ್ ಹಾಕಿ, ಹಳೆಯದರ ಬದಲು 40 ಸಾವಿರ ಬಿಟಿಯು ಹತ್ತಿರದ ಚಿಕ್ಕ ಹೊಸ ಗ್ಯಾಸ್ ಫರ್ನೇಸ್ ಜೋಡಿಸಿ. ಹಿತವಾದ ಚಳಿಗೆ ಹೀಟ್ ಪಂಪ್, ಒಂದು ಗೊತ್ತಾದ ಉಷ್ಣಾಂಶದ ಕೆಳಗೆ ಗ್ಯಾಸ್. ಇದಕ್ಕೆ ಡ್ಯುಯಲ್ ಫ್ಯೂಯಲ್ ಎನ್ನುತ್ತಾರೆ. ಅಲ್ಲಿನ ಕೆಲವು ವಿದ್ಯುತ್ ಸಂಸ್ಥೆಗಳು ಹೀಟಿಂಗ್‌ಗೆ ಕಡಿಮೆ ದರ ಕೊಡುತ್ತವೆ, ಮಗಳು ಫೋನ್ ಮಾಡಿ ಕೇಳಲಿ. 10 ಸೆಂಟ್ ಸಿಕ್ಕರೆ ಹಳೆಯ ಫರ್ನೇಸ್‌ನೊಡನೆ ಸಮಬಿಂದು 2.3ಕ್ಕೆ, ಹೊಸದರೊಡನೆ 2.8ಕ್ಕೆ ಇಳಿಯುತ್ತದೆ, ಆಗ ಚಳಿಗಾಲದ ದೊಡ್ಡ ಭಾಗ ಹೀಟ್ ಪಂಪ್‌ನದೇ. ಆದರೆ ಕೊಳ್ಳುವ ಮುನ್ನ ಆ ಔಟ್‌ಡೋರ್ ಯೂನಿಟ್ ಬೇರೆ ಕಂಪನಿಯ ಫರ್ನೇಸ್ ಜೊತೆ ಪೂರ್ತಿ ಇನ್ವರ್ಟರ್ ಆಗಿ ನಡೆಯುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಕೆಲವು ಜೋಡಿಗಳಲ್ಲಿ ಅದು ಬರೀ ಆನ್-ಆಫ್ ಯಂತ್ರವಾಗಿಬಿಡುತ್ತದೆ. ಇನ್ನು 30 ಶೇಕಡಾ ಕೇಂದ್ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರೊಳಗೆ ಹಾಕಿಸಿದ ಯಂತ್ರಗಳಿಗಷ್ಟೇ ಇತ್ತು, ಈಗ ಮುಗಿದಿದೆ, ಹಳೆಯ ಕೊಟೇಶನ್‌ನಲ್ಲಿ ಅದನ್ನು ಕಳೆದಿದ್ದರೆ ಮೊತ್ತ ಮತ್ತೆ ಕೂಡಿ.

ಗ್ಯಾಸ್ ಪೂರ್ತಿ ಬಿಡುವುದಾದರೆ ಜೊತೆ ಹೀಟರ್ 15 ಕಿಲೋವ್ಯಾಟ್ ಬೇಕಿಲ್ಲ. 10 ಕಿಲೋವ್ಯಾಟ್ ಎಂದರೆ 34 ಸಾವಿರ ಬಿಟಿಯು, ಕಂಪ್ರೆಸರ್ ಪೂರ್ತಿ ಕೈಕೊಟ್ಟರೂ ಮನೆ ನಡೆಯುತ್ತದೆ. 240 ವೋಲ್ಟ್‌ನಲ್ಲಿ 15 ಕಿಲೋವ್ಯಾಟ್ 62 ಆಂಪಿಯರ್ ಎಳೆಯುತ್ತದೆ, 10 ಆದರೆ 42. ಆ ಕಾಲದ ಮನೆಯಲ್ಲಿ ಮೇನ್ 100 ಆಂಪಿಯರ್ ಇದ್ದರೆ ಈ ವ್ಯತ್ಯಾಸದಿಂದಲೇ ಪ್ಯಾನೆಲ್ ಬದಲಿಸುವ ದೊಡ್ಡ ಖರ್ಚು ತಪ್ಪಬಹುದು. ಹೀಟರ್ ಎರಡು ಹಂತದಲ್ಲಿ ಹೊತ್ತಿಕೊಳ್ಳಲಿ, ಮತ್ತು ಮೈನಸ್ 12 ಡಿಗ್ರಿಗಿಂತ ಮೇಲೆ ಡೀಫ್ರಾಸ್ಟ್ (ಔಟ್‌ಡೋರ್ ಮೇಲಿನ ಹಿಮ ಕರಗಿಸುವ) ಹೊತ್ತಿನ ಹೊರತು ಅದು ಹೊತ್ತದಂತೆ ಥರ್ಮೋಸ್ಟಾಟ್‌ನಲ್ಲಿ ಬೀಗ ಹಾಕಿಸಿ. ಬಿಲ್ ನೋಡಿ ಗಾಬರಿಯಾಗುವವರ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಈ ಬೀಗ ಇಲ್ಲದೆ ಹೊತ್ತುತ್ತಿರುವ ಹೀಟರನ್ನೇ.

ಜೋಡಣೆಯಲ್ಲಿ ಕೆಡುವ ಜಾಗಗಳು ಗೊತ್ತಿರುವಂಥವೇ. ಔಟ್‌ಡೋರ್ ಯೂನಿಟ್ ನೆಲದಿಂದ ಅರ್ಧ ಮೀಟರ್‌ನಷ್ಟು ಎತ್ತರದ ಸ್ಟ್ಯಾಂಡ್ ಮೇಲೆ ಇರಬೇಕು, ಇಲ್ಲದಿದ್ದರೆ ಹಿಮದಲ್ಲಿ ಹೂತುಹೋಗುತ್ತದೆ. ಸೂರಿನ ನೀರು ತೊಟ್ಟಿಕ್ಕುವ ಗೆರೆಯಡಿ ಬೇಡ. ತಳದ ತಟ್ಟೆಗೆ ಹೀಟರ್ ಇರಬೇಕು. ಇಲ್ಲಿಯ ಹಾಗೆ ಡ್ರೇನ್ ಪೈಪ್ ಜೋಡಿಸಿದರೆ ಅದು ಹೆಪ್ಪುಗಟ್ಟಿ ತಟ್ಟೆಯಲ್ಲಿ ಮಂಜುಗಡ್ಡೆ ಬೆಳೆದು ಫ್ಯಾನ್ ಮುರಿಯುತ್ತದೆ, ನೀರು ನೇರ ಕೆಳಗೆ ಬೀಳಲಿ. ತಾಮ್ರದ ಪೈಪ್‌ನ ಫ್ಲೇರ್ ಜೋಡಣೆಗಳನ್ನು ಟಾರ್ಕ್ ವ್ರೆಂಚ್‌ನಿಂದಲೇ ಬಿಗಿದು, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಿ, 500 ಮೈಕ್ರಾನ್‌ಗಿಂತ ಕೆಳಗೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅದು ನಿಲ್ಲುತ್ತದೆಯೇ ಎಂದು ನೋಡಬೇಕು. ಅಳಿಯ ಪಕ್ಕದಲ್ಲಿ ನಿಂತು ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಲಿ.

ನೀವಿಬ್ಬರೂ ಅಲ್ಲಿ ಹೋದಾಗ ಎರಡು ವಿಷಯ ವಿಚಿತ್ರವೆನಿಸಬಹುದು. ಫರ್ನೇಸ್‌ನ ಗಾಳಿ 50 ಡಿಗ್ರಿ ದಾಟಿರುತ್ತದೆ, ಹೀಟ್ ಪಂಪ್‌ನದು 31ರಿಂದ 35. ಮೈಗೆ ನೇರ ಬಡಿದರೆ ಅದು ಬೆಚ್ಚಗೆನಿಸದು. ಯಂತ್ರ ಕೆಟ್ಟಿಲ್ಲ, ಕೋಣೆ 21ರಲ್ಲೇ ಇರುತ್ತದೆ. ಕೂರುವ ಕುರ್ಚಿಯನ್ನು ಗ್ರಿಲ್‌ನಿಂದ ದೂರ ಸರಿಸಿಕೊಳ್ಳಿ. ಸೊನ್ನೆಯ ಆಸುಪಾಸಿನ ತೇವದ ದಿನ ಆಗಾಗ ಔಟ್‌ಡೋರ್ ನಿಂತು, ಬುಸ್ಸೆಂದು, ಹಬೆ ಏಳುತ್ತದೆ. ಅದು ಕಾಯಿಲ್ ಮೇಲಿನ ಹಿಮ ಕರಗಿಸಿಕೊಳ್ಳುವ ಡೀಫ್ರಾಸ್ಟ್, ಕೆಲವೇ ನಿಮಿಷ. ಮತ್ತೆ, ನಮ್ಮ ಮನೆಗಳಲ್ಲಿ ರಾತ್ರಿ ಎಸಿ ಆಫ್ ಮಾಡಿ ಎಂಸಿಬಿಯನ್ನೂ ಇಳಿಸುವ ರೂಢಿ ಇದೆ. ಅಲ್ಲಿ ಅದನ್ನು ಮಾಡಲೇಬೇಡಿ. ನಿಂತ ಕಂಪ್ರೆಸರ್‌ನ ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಹೀಟರ್‌ಗೂ ಕರೆಂಟ್ ತಪ್ಪುತ್ತದೆ, ಶೀತಕ ಎಣ್ಣೆಯೊಳಗೆ ಬೆರೆತು ಮರುದಿನ ಚಾಲೂ ಮಾಡಿದಾಗ ಬೇರಿಂಗ್‌ಗೆ ಪೆಟ್ಟು. ರಾತ್ರಿ ಥರ್ಮೋಸ್ಟಾಟ್ ತುಂಬಾ ಇಳಿಸುವುದೂ ಬೇಡ. ಬೆಳಿಗ್ಗೆ ಏರಿಸಿದಾಗ ಎಲೆಕ್ಟ್ರಿಕ್ ಹೀಟರ್ ಹೊತ್ತಿಕೊಂಡು ರಾತ್ರಿಯ ಉಳಿತಾಯವನ್ನು ತಿಂದುಹಾಕುತ್ತದೆ. ಒಂದೇ ಉಷ್ಣಾಂಶಕ್ಕೆ ಇಟ್ಟು ಬಿಟ್ಟುಬಿಡಿ.

ಮಗಳು ಮೊದಲು ಮಾಡಿಸಬೇಕಾದದ್ದು ಮನೆಯ ಗಾಳಿ ಸೋರಿಕೆ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆ ಮತ್ತು ಡಕ್ಟ್‌ನ ಒತ್ತಡದ ಅಳತೆ, ನಂತರ ಮೇಲಿನ ಸೂರಿನ ಸಂದುಗಳ ಮುಚ್ಚುವಿಕೆ. ಮನೆ ಬಿಗಿಯಾದರೆ 22 ಸಾವಿರ ಇನ್ನೂ ಇಳಿಯುತ್ತದೆ, ಯಂತ್ರವೂ ಚಿಕ್ಕದಾಗುತ್ತದೆ. ಬಿಗಿ ಮಾಡಿದ ಮೇಲೆ ಕೋಣೆಕೋಣೆಗೂ ಬೇಕಾದ ಶಾಖವನ್ನು ಮ್ಯಾನುಯಲ್ ಜೆ ಎಂಬ ಅಲ್ಲಿನ ಪದ್ಧತಿಯಲ್ಲಿ ಲೆಕ್ಕ ಹಾಕಿ ಕೊಡುವ ಗುತ್ತಿಗೆದಾರನಿಂದ ಮೂರನೇ ಕೊಟೇಶನ್ ಪಡೆಯಲಿ. ಇಷ್ಟೂ ಅಕ್ಟೋಬರ್‌ನೊಳಗೆ ಮುಗಿಯದಿದ್ದರೆ ಅವಸರದಲ್ಲಿ ಏನನ್ನೂ ಹಾಕಿಸಬೇಡಿ. ಹಳೆಯ ಫರ್ನೇಸ್‌ನ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿರುಕಿಲ್ಲ ಎಂದು ತಪಾಸಣೆ ಮಾಡಿಸಿ, ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ, ಈ ಚಳಿಗಾಲ ಅದರಲ್ಲೇ ಕಳೆಯಲಿ.